ಹಂಪಿಯಿಂದ ಹಂಪಿಗೆ: ತುಂಗಭದ್ರೆಯನ್ನು ಎರಡು ಕಡೆ ದಾಟಿದ ನಡಿಗೆ

ಹಂಪಿಗೆ ಹೋದವರಲ್ಲಿ ಹೆಚ್ಚಿನವರು ತುಂಗಭದ್ರೆಯನ್ನು ಒಂದೇ ದಡದಿಂದ ನೋಡಿ ಮರಳುತ್ತಾರೆ; ನಾನೂ ಅನೇಕ ವರ್ಷ ಹಾಗೆಯೇ ಮಾಡಿದ್ದೆ. ಹೊಳೆಯನ್ನು ಎರಡು ಕಡೆ ದಾಟಿ, ಆಚೆ ದಡದ ಊರುಗಳನ್ನು ಹಾದು, ಹೊರಟಲ್ಲಿಗೇ ಕಾಲ್ನಡಿಗೆಯಲ್ಲಿ ಬಂದು ಸೇರಬೇಕೆಂಬ ಆಸೆ ಈಡೇರಿದ್ದು ಕಳೆದ ಜನವರಿಯಲ್ಲಿ, ಅದೂ ಎರಡನೆಯ ಪ್ರಯತ್ನದಲ್ಲಿ. ಮೊದಲ ಸಲ ಆಗಸ್ಟ್‌ನಲ್ಲಿ ಹೋದಾಗ ಜಲಾಶಯದಿಂದ ನೀರು ಬಿಟ್ಟಿದ್ದರು. ವಿಠ್ಠಲ ದೇವಾಲಯದಾಚೆಯ ಕಡವಾದ ತಳವಾರಘಟ್ಟದಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು, ಹರಿಗೋಲುಗಳನ್ನು ದಡದ ಮೇಲೆ ಬೋರಲು ಹಾಕಿದ್ದರು. ಮೊದಲೇ ವಿಚಾರಿಸದೆ ಹೊರಟದ್ದು ನನ್ನ ತಪ್ಪು. ಈ ನಡಿಗೆಗೆ ದಾರಿಗಿಂತ ದೋಣಿ ಮುಖ್ಯವೆಂಬುದು ಅಂದು ಮನವರಿಕೆಯಾಯಿತು.

ಈ ಬಾರಿ ಹಿಂದಿನ ದಿನವೇ ಎರಡೂ ಕಡವಿನಲ್ಲಿ ಕೇಳಿಕೊಂಡು, ಬೆಳಿಗ್ಗೆ ಆರೂವರೆಗೆ ವಿರೂಪಾಕ್ಷ ಗುಡಿಯ ಮುಂದಿನಿಂದ ಹೊರಟೆ. ಸುತ್ತಿನ ಒಟ್ಟು ದೂರ 12ರಿಂದ 14 ಕಿಲೋಮೀಟರ್. ಹೊಳೆಯ ಬದಿಯಲ್ಲಿ ಕೋದಂಡರಾಮ ಗುಡಿಯನ್ನು ಹಾದು ವಿಠ್ಠಲ ದೇವಾಲಯಕ್ಕೆ ಹೋಗುವ ಬಂಡೆಗಳ ನಡುವಿನ ದಾರಿ ಬಹಳ ಮಂದಿಗೆ ಪರಿಚಿತವಾದುದರಿಂದ ಅದನ್ನು ಬಣ್ಣಿಸುವುದಿಲ್ಲ. ಆದರೆ ಪುರಂದರ ಮಂಟಪದ ಬಳಿ ಸ್ವಲ್ಪ ನಿಲ್ಲಿರಿ: ವಿಜಯನಗರದ ಕಾಲದ ಸೇತುವೆಯ ಕಲ್ಲುಕಂಬಗಳು ನೀರಿನ ನಡುವೆ ಇನ್ನೂ ನಿಂತಿವೆ.

ತಳವಾರಘಟ್ಟದಲ್ಲಿ ಹರಿಗೋಲು ಸಿಕ್ಕಿತು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ ಹಾಕಿ ಡಾಂಬರು ಬಳಿದಿರುತ್ತಾರೆ. ಅಂಬಿಗ ನನ್ನನ್ನು ತಳದಲ್ಲಿ ಕೂರಿಸಿ, ಚೀಲವನ್ನು ಎದುರು ಬದಿಗೆ ಇಡಲು ಹೇಳಿದ. ಭಾರ ಸರಿತೂಗದಿದ್ದರೆ ಅದು ವಾಲುತ್ತದೆ. ಒಂದೇ ಹುಟ್ಟಿನಿಂದ ಮುಂಬದಿಯ ನೀರನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಾ, ಸೆಳವಿಗೆ ಅಡ್ಡವಾಗಿ ಹೋಗದೆ ಮೊದಲು ದಡದುದ್ದಕ್ಕೂ ಮೇಲಕ್ಕೆ ಸಾಗಿ, ಅನಂತರ ಹರಿವಿನ ಜೊತೆ ಓರೆಯಾಗಿ ಇಳಿದು ಆನೆಗೊಂದಿಯ ದಡಕ್ಕೆ ಸರಿಯಾಗಿ ಮುಟ್ಟಿಸಿದ ಅವನ ಲೆಕ್ಕಾಚಾರಕ್ಕೆ ನಾನು ಬೆರಗಾದೆ.

ಆನೆಗೊಂದಿ ವಿಜಯನಗರದ ರಾಜಧಾನಿಗಿಂತ ಹಳೆಯದು, ಆದರೂ ಅದು ಜನ ಬಾಳುತ್ತಿರುವ ಊರು. ರಂಗನಾಥ ಗುಡಿ, ಗಗನಮಹಲ್ ನೋಡಿ, ಇಡ್ಲಿ ತಿಂದು, ಎರಡು ಬಾಟಲಿ ನೀರು ತುಂಬಿಕೊಂಡು ಪಶ್ಚಿಮಕ್ಕೆ ತಿರುಗಿದೆ. ನನಗೆ ಈ ಸುತ್ತಿನ ಜೀವ ಇರುವುದು ಇಲ್ಲಿಂದ ಮುಂದೆ. ವಿಜಯನಗರದ ಅರಸರು ಹೊಳೆಗೆ ಅಣೆ ಕಟ್ಟಿ ತಿರುಗಿಸಿದ ಕಾಲುವೆಗಳು ಈ ಕಣಿವೆಯ ಗದ್ದೆ, ಬಾಳೆತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ. ಅರಮನೆಗಳು ಪಾಳುಬಿದ್ದರೂ ಕಾಲುವೆಗಳು ಉಳಿದದ್ದು ಅವನ್ನು ರೈತರು ಬಿಡದೆ ಬಳಸಿದ್ದರಿಂದ ಎಂದು ನಾನು ನಂಬುತ್ತೇನೆ. ರಸ್ತೆ ಬಿಟ್ಟು ಬದುವಿನ ಮೇಲೆ ನಡೆಯುವ ಮುನ್ನ ಅಲ್ಲಿದ್ದವರನ್ನು ಕೇಳಿದೆ. ಭತ್ತ ನಾಟಿ ಮಾಡುತ್ತಿದ್ದ ಅಜ್ಜಿ ಸೊಂಟ ನೆಟ್ಟಗೆ ಮಾಡಿ, "ಹೋಗಪ್ಪಾ, ಸಸಿ ಮ್ಯಾಲೆ ಮಾತ್ರ ಕಾಲಿಡಬ್ಯಾಡ" ಎಂದರು. ಹಸಿ ಬದು ಜಾರುತ್ತದೆ. ಹಿಡಿತವಿರುವ ಚಪ್ಪಲಿ ಬೇಕು.

ಅಂಜನಾದ್ರಿಯ 575ರಷ್ಟು ಮೆಟ್ಟಿಲುಗಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಬಾರದು. ನಾನು ಬುಡದ ನೆರಳಿನಲ್ಲಿ ಮೂರರವರೆಗೆ ಕಾದು ಹತ್ತಿದೆ. ಮೇಲಿನಿಂದ ಬೆಳಗಿನ ದಾರಿ ಪೂರ್ತಿ ಕಾಣುತ್ತದೆ: ಬೂದುಬಣ್ಣದ ಬಂಡೆಗುಡ್ಡಗಳು, ನಡುವೆ ಹಸಿರಿನ ಪಟ್ಟಿ, ಅದರಾಚೆ ಹೊಳೆ. ಅಲ್ಲಿಂದ ಹನುಮನಹಳ್ಳಿಯ ಮೂಲಕ ವಿರೂಪಾಪುರ ಗಡ್ಡೆಯ ಕಡವು ತಲುಪಿ, ಐದೂವರೆಗೆ ಹಂಪಿಯ ಮೆಟ್ಟಿಲುಗಳಲ್ಲಿ ಇಳಿದೆ.

ಈ ದಿಕ್ಕಿನಲ್ಲಿ ನಡೆದರೆ ಬೆಳಿಗ್ಗೆಯೂ ಸಂಜೆಯೂ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಆದರೂ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ಕತ್ತಲಾಗುವ ಮುಂಚೆ ದೋಣಿಗಳು ನಿಲ್ಲುತ್ತವೆ. ಗಡ್ಡೆಯ ಕೊನೆಯ ದೋಣಿ ಹಿಡಿದವರು ನೇರವಾಗಿ ಹಂಪಿಯಲ್ಲಿ ಇಳಿಯುತ್ತಾರೆ. ಎದುರು ದಿಕ್ಕಿನಲ್ಲಿ ನಡೆದು ತಳವಾರಘಟ್ಟದ ಕೊನೆಯ ಹರಿಗೋಲು ಹಿಡಿದವರಿಗೆ ಇನ್ನೂ ಒಂದು ಗಂಟೆಯ ಕಲ್ಲುದಾರಿ ಕತ್ತಲಲ್ಲಿ ಉಳಿದಿರುತ್ತದೆ.