ಗೆರೆಯ ಮೇಲೋ, ಕೆಳಗೋ? ಡಾರ್ಕ್ ಮ್ಯಾಟರ್ ಗ್ರಾಫ್ ಓದುವ ಬಗೆ

ವರ್ಷಕ್ಕೆ ಒಂದೆರಡು ಸಲವಾದರೂ ಆ ಗ್ರಾಫ್ ವಾಟ್ಸ್ಆ್ಯಪ್, ಯೂಟ್ಯೂಬ್ ಎಲ್ಲ ಕಡೆ ಸುತ್ತು ಹೊಡೆಯುತ್ತದೆ. ಎಡಗಡೆ ಕಡಿದಾಗಿ ಇಳಿದು, ತಳ ಮುಟ್ಟಿ, ಬಲಕ್ಕೆ ನಿಧಾನವಾಗಿ ಏರುವ ಒಂದು ಗೆರೆ. ಅದರ ಮೇಲೊಂದು ಶೀರ್ಷಿಕೆ: ‘40 ಜಿಇವಿ ತೂಕದ ಡಾರ್ಕ್ ಮ್ಯಾಟರ್ ಕಣ ಪತ್ತೆ!’ (ಜಿಇವಿ ಅಂದರೆ ಕಣಗಳ ತೂಕದ ಒಂದು ಮಾನ.) ನಿಜಕ್ಕೂ ಅಲ್ಲಿ ಪತ್ತೆಯಾಗಿರುವುದು ಏನೂ ಇಲ್ಲ. ಹುಡುಕಿ ಸಿಗದೇ ಹೋದದ್ದರ ಲೆಕ್ಕ ಆ ಗೆರೆ. ಭೌತಶಾಸ್ತ್ರ ಕಲಿಸುವ ಮೇಷ್ಟ್ರುಗಳೇ ಇದನ್ನು ತಲೆಕೆಳಗಾಗಿ ಓದುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ ಇಷ್ಟು ಸಾಕು. ವಿಶ್ವದ ದ್ರವ್ಯದಲ್ಲಿ ನೂರಕ್ಕೆ ಸುಮಾರು 85 ಪಾಲು ಕಣ್ಣಿಗೆ ಕಾಣದು. ಗುರುತ್ವದ ಸೆಳೆತದಿಂದಷ್ಟೇ ಅದು ಇದೆಯೆಂದು ತಿಳಿಯುತ್ತದೆ. ಅದಕ್ಕೇ ಡಾರ್ಕ್ ಮ್ಯಾಟರ್ ಎಂದು ಹೆಸರು. ನಮಗೆ ಗೊತ್ತಿರುವ ಕಣಗಳಲ್ಲಿ ಯಾವುದೂ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಹಾಗಾಗಿ ಇರಬಹುದಾದ ಹೊಸ ಕಣಗಳನ್ನು ಕಾಗದದ ಮೇಲೆ ಊಹಿಸಿ, ಒಂದೊಂದನ್ನೇ ಪ್ರಯೋಗಕ್ಕೆ ಒಡ್ಡುವ ಕೆಲಸ ನಡೆದಿದೆ.

ಹಂತ 1. ಮೂಲ ಪ್ರಬಂಧವನ್ನೇ ತೆರೆಯಿರಿ. ಆರ್ಕೈವ್ (arXiv) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನೀಲಿ ಗ್ಯಾಲಕ್ಸಿಯ ಹಿನ್ನೆಲೆ ಹಾಕಿ, ಅಕ್ಷಗಳ ಅಂಕಿ ಅಳಿಸಿ, ಗೆರೆಯನ್ನಷ್ಟೇ ಉಳಿಸಿಕೊಂಡ ಬಣ್ಣದ ಪೋಸ್ಟರ್‌ಗಳು ಬೇಡವೇ ಬೇಡ. ಅಂಕಿ ಇಲ್ಲದ ಗ್ರಾಫ್ ಬರೀ ಅಲಂಕಾರ.

ಹಂತ 2. ಅಡ್ಡ ಅಕ್ಷದ ಮಾನ ನೋಡಿ. ಯಾವ ಅಭ್ಯರ್ಥಿ ಕಣದ ಬಗ್ಗೆ ಮಾತು ನಡೆದಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಜಿಇವಿ ಇದ್ದರೆ ಸಾಮಾನ್ಯವಾಗಿ ವಿಂಪ್, ಅಂದರೆ ಭಾರವಾದ, ಯಾರ ತಂಟೆಗೂ ಹೆಚ್ಚು ಹೋಗದ ಕಣ (ಪ್ರೋಟಾನಿನ ತೂಕ ಒಂದು ಜಿಇವಿಗೆ ತುಸು ಕಡಿಮೆ). ಕೆಇವಿ (ಜಿಇವಿಯ ಹತ್ತು ಲಕ್ಷದಲ್ಲೊಂದು ಪಾಲು) ಇದ್ದರೆ ಸ್ಟೆರೈಲ್ ನ್ಯೂಟ್ರಿನೊ, ಅಂದರೆ ಮಾಮೂಲಿ ನ್ಯೂಟ್ರಿನೊಗಿಂತಲೂ ಒಂಟಿಯಾಗಿರುವ ಊಹೆಯ ಕಣ ಇರಬಹುದು. ಅದಕ್ಕಿಂತ ಎಷ್ಟೋ ಚಿಕ್ಕದಾದ ಮೈಕ್ರೊ ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಆಕ್ಸಿಯಾನ್ ಎಂಬ ಅತಿ ಹಗುರವಾದ ಊಹೆಯ ಕಣ. ಆಕ್ಸಿಯಾನ್ ಗ್ರಾಫ್ ನೋಡಲಿಕ್ಕೇ ಬೇರೆ ಥರ. ಅಲ್ಲಿ ಬಾಗಿದ ಗೆರೆಯ ಬದಲು ಮೇಲಿಂದ ಇಳಿಬಿಟ್ಟ ಸಪೂರ ಪಟ್ಟಿಗಳಿರುತ್ತವೆ, ಏಕೆಂದರೆ ಸಿಯಾಟಲ್‌ನ ಎಡಿಎಂಎಕ್ಸ್‌ನಂಥ ಪ್ರಯೋಗ ಒಂದೊಂದೇ ಕಂಪನಾಂಕಕ್ಕೆ, ಅಂದರೆ ಒಂದೊಂದೇ ತೂಕಕ್ಕೆ ಶ್ರುತಿ ಮಾಡಿಕೊಳ್ಳುತ್ತ ಹೋಗುತ್ತದೆ. 2018ರಲ್ಲಿ ಅದು ಜಾಲಾಡಿ ಮುಗಿಸಿದ್ದು 2.66ರಿಂದ 2.81 ಮೈಕ್ರೊ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ತುಣುಕನ್ನು ಮಾತ್ರ. ‘ಆಕ್ಸಿಯಾನ್ ಇಲ್ಲವೆಂದು ಸಾಬೀತು’ ಎಂದು ಯಾರಾದರೂ ಬರೆದರೆ ಈ ಅಂಕಿಯನ್ನು ತೋರಿಸಿ. ಇನ್ನು ಮುಂದೆ ವಿಂಪ್ ಗ್ರಾಫನ್ನೇ ಹಿಡಿದುಕೊಳ್ಳೋಣ, ಎಡವಟ್ಟುಗಳೆಲ್ಲ ಆಗುವುದು ಅಲ್ಲೇ.

ಹಂತ 3. ಲಂಬ ಅಕ್ಷ. ಆ ಕಣ ಪ್ರೋಟಾನ್ ಅಥವಾ ನ್ಯೂಟ್ರಾನಿಗೆ ಡಿಕ್ಕಿ ಹೊಡೆಯುವ ಸಂಭವ ಎಷ್ಟು ಎಂಬುದು ಇಲ್ಲಿರುತ್ತದೆ. ಆ ಸಂಭವವನ್ನು ಗುರಿಯ ವಿಸ್ತೀರ್ಣವೆಂಬಂತೆ ಅಳೆಯುವುದರಿಂದ ಮಾನ ಚದರ ಸೆಂಟಿಮೀಟರ್, ಅಂಕಿ 10ರ ಮೈನಸ್ 48ನೇ ಘಾತದ ಆಸುಪಾಸು. ಎರಡೂ ಅಕ್ಷ ಲಾಗ್ ಅಳತೆಯವು, ಅಂದರೆ ಒಂದು ದೊಡ್ಡ ಗೀಟಿನಿಂದ ಮುಂದಿನದಕ್ಕೆ ಹೋದರೆ ಹತ್ತು ಪಟ್ಟು. ಆದ್ದರಿಂದ 10 ಮತ್ತು 100ರ ಗೀಟುಗಳ ನಟ್ಟನಡುವೆ ಇರುವುದು 55 ಅಲ್ಲ, ಸುಮಾರು 32. ಸ್ಕೇಲು ಹಿಡಿದು ಅಳೆಯುವವರು ಮೊದಲು ಎಡವುವುದು ಇಲ್ಲಿ. ಜೊತೆಗೆ, ಡಿಕ್ಕಿ ನ್ಯೂಕ್ಲಿಯಸ್ಸಿನ ಸ್ಪಿನ್ ಎಂಬ ಗುಣವನ್ನು ನೆಚ್ಚಿದೆ ಎಂದುಕೊಂಡು ಬರೆದ ‘ಸ್ಪಿನ್ ಅವಲಂಬಿತ’ ಗ್ರಾಫ್ ಒಂದು, ನೆಚ್ಚಿಲ್ಲ ಎಂದುಕೊಂಡ ‘ಸ್ಪಿನ್ ನಿರಪೇಕ್ಷ’ ಗ್ರಾಫ್ ಇನ್ನೊಂದು. ಒಂದೇ ಯಂತ್ರದ ಈ ಎರಡು ಗೆರೆಗಳ ನಡುವೆ ಲಕ್ಷ ಪಟ್ಟಿಗೂ ಮಿಕ್ಕ ಅಂತರ ಇರಬಹುದು. ಒಂದರ ಗೆರೆಯನ್ನು ಇನ್ನೊಂದರ ಮೇಲಿಟ್ಟು ಹೋಲಿಸಬೇಡಿ.

ಹಂತ 4. ಈಗ ಗೆರೆ. ಇಲ್ಲಿ ಅವಸರ ಬೇಡ.

ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹೋಮ್‌ಸ್ಟೇಕ್ ಎಂಬ ಹಳೆಯ ಚಿನ್ನದ ಗಣಿ ಇದೆ. ಅದರೊಳಗೆ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಲಕ್ಸ್-ಜೆಪ್ಲಿನ್ ಪ್ರಯೋಗದ ತೊಟ್ಟಿ. ಒಳಗೆ ಏಳು ಟನ್ ದ್ರವ ಕ್ಸೆನಾನ್, ಮೇಲೂ ಕೆಳಗೂ ಮಿಣುಕು ಬೆಳಕನ್ನು ಕಾಯುವ ಸಂವೇದಕಗಳು. ವಿಂಪ್ ಬಂದು ಕ್ಸೆನಾನ್ ನ್ಯೂಕ್ಲಿಯಸ್ಸಿಗೆ ಬಡಿದರೆ ಅದು ಕದಲಿ ಒಂದು ಮಿಣುಕು ಹೊಮ್ಮಬೇಕು. 2024ರಲ್ಲಿ ಈ ತಂಡ 280 ದಿನಗಳ ದತ್ತಾಂಶ ಮುಂದಿಟ್ಟಿತು. ಹಿನ್ನೆಲೆ ಗದ್ದಲಕ್ಕಿಂತ (ವಿಕಿರಣದಂಥ ಮಾಮೂಲಿ ಕಾರಣಗಳ ಮಿಣುಕು) ಹೆಚ್ಚಿನದೇನೂ ಸಿಗಲಿಲ್ಲ. ಅವರ ಗೆರೆ ತಳ ಮುಟ್ಟುವುದು 40 ಜಿಇವಿ ಹತ್ತಿರ, ಎತ್ತರ ಸುಮಾರು 2 ಗುಣಿಸು 10ರ ಮೈನಸ್ 48ನೇ ಘಾತ ಚದರ ಸೆಂಟಿಮೀಟರ್.

ಹಾಗಾದರೆ 40 ಜಿಇವಿಯಲ್ಲಿ ಏನಿದೆ? ಆ ತೂಕದ ಕಣವನ್ನು ಹಿಡಿಯುವುದರಲ್ಲಿ ಈ ತೊಟ್ಟಿ ಎಲ್ಲಕ್ಕಿಂತ ಚುರುಕು, ಅಷ್ಟೇ. ಗೆರೆಯ ಮೇಲ್ಗಡೆಯ ಜಾಗವೆಲ್ಲ ತಿರಸ್ಕೃತ: ಅಲ್ಲೊಂದು ಕಣ ಇದ್ದಿದ್ದರೆ ಇಷ್ಟು ಕಮ್ಮಿ ಮಿಣುಕು ಕಾಣುವ ಸಂಭವ ನೂರಕ್ಕೆ ಹತ್ತನ್ನೂ ದಾಟುತ್ತಿರಲಿಲ್ಲ. ಗೆರೆಯ ಕೆಳಗಿನ ಜಾಗದ ಬಗ್ಗೆ ಪ್ರಯೋಗ ತುಟಿ ಬಿಚ್ಚುವುದಿಲ್ಲ. ಕಣ ಅಲ್ಲಿರಬಹುದು, ಇಲ್ಲದೆಯೂ ಇರಬಹುದು. ಗೆರೆಯ ಮೇಲೆಯೇ ಏನೋ ಕೂತಿದೆ ಎಂದು ತಿಳಿಯುವುದು ಶುದ್ಧ ತಪ್ಪು.

ಗೆರೆಗೆ ಈ ಆಕಾರ ಬಂದದ್ದು ಏಕೆಂದು ಅರ್ಥವಾದರೆ ಮತ್ತೆಂದೂ ಗೊಂದಲವಾಗದು. ಎಡಗಡೆ ಹಗುರ ಕಣಗಳು. ಕ್ಸೆನಾನ್ ನ್ಯೂಕ್ಲಿಯಸ್ಸಿನ ತೂಕ 120 ಜಿಇವಿ ಮೀರುತ್ತದೆ. 5 ಜಿಇವಿ ಕಣ ಅದಕ್ಕೆ ಬಡಿಯುವುದೆಂದರೆ ಕೇರಂ ಪಾನು ಹೋಗಿ ರುಬ್ಬುಗುಂಡಿಗೆ ತಗುಲಿದ ಹಾಗೆ. ಪಾನು ಹಿಂದಕ್ಕೆ ಪುಟಿಯುತ್ತದೆ, ಗುಂಡು ಮಿಸುಕಿದ್ದೂ ಗೊತ್ತಾಗದು. ಸಂವೇದಕದ ಹೊಸ್ತಿಲು ದಾಟುವ ಮಿಣುಕೇ ಇಲ್ಲ. ಅದಕ್ಕೇ ಅಲ್ಲಿ ಗೆರೆ ಗೋಡೆಯಂತೆ ಎದ್ದಿದೆ.

ಬಲಗಡೆಯ ಕಾರಣವೇ ಬೇರೆ. ನಮ್ಮ ಸುತ್ತ ಡಾರ್ಕ್ ಮ್ಯಾಟರ್ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.3 ಜಿಇವಿ ಎಂದು ಎಲ್ಲ ತಂಡಗಳೂ ಇಟ್ಟುಕೊಳ್ಳುತ್ತವೆ. ಕಣ 100 ಜಿಇವಿಯದಾದರೆ ನಿಮ್ಮ ಒಂದು ಲೀಟರ್ ಬಾಟಲಿಯೊಳಗೆ ಯಾವುದೇ ಕ್ಷಣ ಮೂರು ಕಣ. 1,000 ಜಿಇವಿಯದಾದರೆ ಮೂರು ಬಾಟಲಿಗೆ ಒಂದು. ತೂಕ ಹತ್ತು ಪಟ್ಟು ಏರಿದಾಗ ಸಂಖ್ಯೆ ಹತ್ತು ಪಟ್ಟು ಇಳಿಯಿತು, ಡಿಕ್ಕಿಗಳೂ ಇಳಿದವು, ಪ್ರಯೋಗದ ಹಿಡಿತವೂ ಅಷ್ಟೇ ಸಡಿಲವಾಯಿತು. ಬಲಕ್ಕೆ ಕಾಣುವ ನೇರ ಏರು ಈ ಭಾಗಾಕಾರವೇ. ಬರೀ ಲೆಕ್ಕ, ಹೊಸ ಭೌತಶಾಸ್ತ್ರವಲ್ಲ.

ಹಂತ 5. ಹಸಿರು, ಹಳದಿ ಪಟ್ಟಿಗಳು ಏನೂ ಸಿಗದಿದ್ದರೆ ಗೆರೆ ಎಲ್ಲಿ ಬರಬಹುದೆಂಬ ಅಂದಾಜು. ಹಳದಿಯೊಳಗಿನ ಏರಿಳಿತ ಸುದ್ದಿಯಲ್ಲ. ಗೆರೆ ಹಸಿರಿಗಿಂತ ಕೆಳಕ್ಕೆ ಜಾರಿದ್ದರೆ ಯಂತ್ರ ಚುರುಕಾಯಿತೆಂದಲ್ಲ, ಆ ಸಲ ಹಿನ್ನೆಲೆ ಗದ್ದಲ ಅದೃಷ್ಟವಶಾತ್ ಕಮ್ಮಿ ಬಂತೆಂದು. ಯಂತ್ರ ಯಂತ್ರಗಳ ನಡುವೆ ಹೋಲಿಕೆ ಬೇಕಿದ್ದರೆ ನಾನಂತೂ ಪಟ್ಟಿಯ ನಡುಗೆರೆಯನ್ನೇ ನೋಡುತ್ತೇನೆ. ನೀವೂ ಹಾಗೇ ಮಾಡಿ.

ಹಂತ 6. ಮುಚ್ಚಿದ ಆಕಾರ ಕಂಡರೆ ನಿಲ್ಲಿ. ಮೊಟ್ಟೆಯಾಕಾರದ ಕಲೆ ಇದ್ದರೆ ಅದು ನಿಜವಾಗಿ ‘ಕಂಡೆವು’ ಎನ್ನುವವರ ದಾವೆ. ಪ್ರಸಿದ್ಧವಾದದ್ದು ಇಟಲಿಯ ಗ್ರಾನ್ ಸಾಸ್ಸೊ ಸುರಂಗದ ಡಾಮಾ ತಂಡದ್ದು. ಸೋಡಿಯಂ ಅಯೋಡೈಡ್ ಹರಳುಗಳಲ್ಲಿ ಪ್ರತಿ ವರ್ಷ ಜೂನ್ ಆರಂಭದ ಹೊತ್ತಿಗೆ ಸಂಕೇತ ಏರುತ್ತದೆ ಎಂದು ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಹೇಳಿಕೊಂಡು ಬಂದರು. ಆ ಕಲೆಯಿರುವುದು ಕ್ಸೆನಾನ್ ಗೆರೆಗಳಿಗಿಂತ ಎಷ್ಟೋ ಮೇಲೆ. ‘ಹರಳೇ ಬೇರೆ’ ಎಂಬ ವಾದಕ್ಕೆ ಉತ್ತರವಾಗಿ ಸ್ಪೇನ್‌ನ ಅನಾಯ್ಸ್ ಮತ್ತು ಕೊರಿಯಾದ ಕೊಸೈನ್ ಪ್ರಯೋಗಗಳು ಅದೇ ಹರಳಿನಲ್ಲಿ ಹುಡುಕಿದವು. ಆ ಏರಿಳಿತ ಸಿಗಲಿಲ್ಲ.

2020ರ ಗಲಾಟೆಯೂ ನೆನಪಿರಲಿ. ಗ್ರಾನ್ ಸಾಸ್ಸೊದಲ್ಲೇ ಇದ್ದ ಕ್ಸೆನಾನ್-1ಟಿ ಯಂತ್ರ 232 ಘಟನೆ ನಿರೀಕ್ಷಿಸಿದ್ದಲ್ಲಿ 285 ಕಂಡಿತು. ಸೂರ್ಯನಿಂದ ಬಂದ ಆಕ್ಸಿಯಾನ್ ಇರಬಹುದು, ತುಸು ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಸೇರಿಕೊಂಡಿರಲೂಬಹುದು ಎಂದು ತಂಡವೇ ಬರೆದಿತ್ತು. ಎರಡನೆಯ ವಾಕ್ಯವನ್ನು ಸುದ್ದಿಯವರು ಕೈಬಿಟ್ಟರು, ಮೊದಲನೆಯದಕ್ಕೆ ‘ಡಾರ್ಕ್ ಮ್ಯಾಟರ್’ ಎಂದು ಹಣೆಪಟ್ಟಿ ಹಚ್ಚಿದರು. ಸೂರ್ಯನೊಳಗೆ ಹುಟ್ಟಿ ಬಂದ ಆಕ್ಸಿಯಾನ್ ಡಾರ್ಕ್ ಮ್ಯಾಟರ್ ಹೇಗಾದೀತು? 2022ರಲ್ಲಿ ಅದರ ಮುಂದಿನ ತಲೆಮಾರಿನ ಯಂತ್ರ ನೋಡಿದಾಗ ಹೆಚ್ಚುವರಿ ಮಾಯ.

ಹಂತ 7. ಎಡಮೂಲೆಯಲ್ಲಿ 6 ಜಿಇವಿ ಸುತ್ತ ಏನಾದರೂ ಕಂಡರೆ ಮೊದಲು ಸೂರ್ಯನನ್ನೇ ಅನುಮಾನಿಸಿ. ಸೂರ್ಯನೊಳಗೆ ಬೋರಾನ್-8 ಒಡೆದಾಗ ಹುಟ್ಟುವ ನ್ಯೂಟ್ರಿನೊಗಳು ಕ್ಸೆನಾನ್‌ಗೆ ಬಡಿದಾಗ ಥೇಟ್ ಆ ತೂಕದ ವಿಂಪ್‌ನಂತೆಯೇ ಕಾಣುತ್ತವೆ. 2024ರಲ್ಲಿ ಇಟಲಿ ಮತ್ತು ಚೀನಾದ ತೊಟ್ಟಿಗಳಲ್ಲಿ ಅವುಗಳ ಸುಳಿವು ಸಿಕ್ಕಿದೆ.

ಕೋಲಾರದ ವಿಷಯ ಬಂದೇ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕೆಜಿಎಫ್ ಗಣಿಯಲ್ಲಿ ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ದಾಖಲಾದ ಕೆಲವು ವಿಚಿತ್ರ ಜಾಡುಗಳಿಗೆ ‘ಕೋಲಾರ ಘಟನೆಗಳು’ ಎಂದೇ ಹೆಸರು. 5ರಿಂದ 10 ಜಿಇವಿ ತೂಕದ ಡಾರ್ಕ್ ಮ್ಯಾಟರ್ ಕಣ ತಾನಾಗಿ ಒಡೆದಾಗ ಅವು ಮೂಡಿರಬಹುದೆಂದು ಭಾರತದ ಇಬ್ಬರು ಭೌತವಿಜ್ಞಾನಿಗಳು ದಶಕದ ಹಿಂದೆ ಸೂಚಿಸಿದರು. ‘ಲಕ್ಸ್-ಜೆಪ್ಲಿನ್ ಗೆರೆಯಲ್ಲಿ ಕೋಲಾರ ಎಲ್ಲಿ ಬರುತ್ತದೆ ಸಾರ್?’ ಎಂದು ಹುಡುಗರು ಕೇಳುತ್ತಾರೆ. ಎಲ್ಲೂ ಬರುವುದಿಲ್ಲ. ಅದು ಡಿಕ್ಕಿಯ ಗ್ರಾಫ್, ಇದು ಒಡೆಯುವ ಕಣದ ಮಾತು. ಇದಕ್ಕೆ ಬೇಕಾದ ಗ್ರಾಫ್‌ನ ಲಂಬ ಅಕ್ಷದಲ್ಲಿ ಕಣದ ಆಯಸ್ಸು ಇರುತ್ತದೆ, ಮಾನ ಸೆಕೆಂಡ್. ಕಣ ಕನಿಷ್ಠ ಇಷ್ಟು ಕಾಲ ಬಾಳಲೇಬೇಕು ಎಂದು ಹೇಳುವ ಗೆರೆ ಅದು. ಆದ್ದರಿಂದ ಅಲ್ಲಿ ತಿರಸ್ಕೃತವಾಗುವುದು ಗೆರೆಯ ಕೆಳಗಿನ ಜಾಗ.