ಅವರೆಕಾಳು ಬಿಡಲಿಲ್ಲ, ಯೂರಿಕ್ ಆಸಿಡ್ ಇಳಿಯಿತು

ಮೊನ್ನೆಯ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ 5.4 ಬಂದಿದೆ. ಎರಡು ವರ್ಷದ ಹಿಂದೆ 9.6 ಇತ್ತು. "ಮಾತ್ರೆ ಹಿಡಿದರೆ ಬಿಡೋಕಾಗಲ್ಲ, ಪಥ್ಯದಲ್ಲೇ ಇಳಿಸಿಕೋ" ಅಂದಿದ್ದ ಭಾವನವರಿಗೆ ಮೊದಲು ಅದರ ಫೋಟೋ ಕಳಿಸಿದೆ.

ಪಥ್ಯ ನಾನು ಮಾಡದೇ ಇದ್ದೆನಾ? ಬೇಳೆ ಬಿಟ್ಟೆ, ಟೊಮ್ಯಾಟೊ ಬಿಟ್ಟೆ, ಪಾಲಕ್ ಬಿಟ್ಟೆ. ಪುಡಿ, ಕಷಾಯ ಅಂತ ಹತ್ತು ಹನ್ನೆರಡು ಸಾವಿರ ಸುರಿದೆ. ನಾಲ್ಕು ತಿಂಗಳಾದ ಮೇಲೆ 8.9. ಕಿಡ್ನಿ ಯೂರಿಕ್ ಆಸಿಡ್ ಹೊರಗೆ ಹಾಕೋದೇ ಕಮ್ಮಿ ಇದ್ದಾಗ ಬೇಳೆ ಬಿಟ್ಟರೆ ಎಷ್ಟು ಇಳಿಯುತ್ತೆ?

ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ಕೂಡ ಮೊದಲ ಸಲ ದಕ್ಕಲಿಲ್ಲ. ಮೂರನೇ ವಾರ ಹೆಬ್ಬೆರಳು ಕೆಂಪಗೆ ಊದಿಕೊಂಡಿತು. ಹೊದಿಕೆ ತಾಗಿದರೂ ತಡೆಯೋಕಾಗ್ತಿರಲಿಲ್ಲ. ಮಾತ್ರೆಯಿಂದಲೇ ಹೀಗಾಯ್ತು ಅಂತ ನಿಲ್ಲಿಸಿಬಿಟ್ಟೆ. ಅದೇ ನೋವಿನಲ್ಲಿ ಟೆಸ್ಟ್ ಮಾಡಿಸಿದರೆ 6.5! ಇಷ್ಟು ಕಮ್ಮಿ ಇದ್ದರೆ ಇದು ಗೌಟ್ (ಯೂರಿಕ್ ಆಸಿಡ್ ಹರಳಿನಿಂದ ಬರುವ ಕೀಲು ನೋವು) ಅಲ್ಲ ಅಂದುಕೊಂಡು ಮೂರು ತಿಂಗಳು ಸುಮ್ನೆ ಕೂತೆ. ನೋವಿದ್ದಾಗ ಅಂಕಿ ಇಳಿದು ಕಾಣಬಹುದು, ಎರಡು ವಾರ ಬಿಟ್ಟು ಮಾಡಿಸಬೇಕು ಅಂತ ಆಮೇಲೆ ಬೇರೆ ಡಾಕ್ಟರ್ ಹೇಳಿದರು.

ಅವರು ಅಲೋಪ್ಯುರಿನಾಲ್ 100 ಮಿ.ಗ್ರಾಂನಿಂದ ಮತ್ತೆ ಶುರು ಮಾಡಿಸಿದರು. ತಿಂಗಳಿಗೊಂದು ಟೆಸ್ಟ್, ಅದನ್ನು ನೋಡಿ ಡೋಸ್ ಏರಿಸೋದು. 300ಕ್ಕೆ ಬಂದಾಗ ಅಂಕಿ 6ರ ಕೆಳಗೆ ನಿಂತಿತು. ಜೊತೆಗೆ ನೋವು ಮರುಕಳಿಸದಿರಲಿ ಅಂತ ಆರು ತಿಂಗಳು ಕಾಲ್ಚಿಸಿನ್ ಮಾತ್ರೆ, 0.5 ಮಿ.ಗ್ರಾಂ. ಬಿಪಿ ಮಾತ್ರೆಯಲ್ಲಿದ್ದ, ಯೂರಿಕ್ ಆಸಿಡ್ ಏರಿಸುವ ಹೈಡ್ರೋಕ್ಲೋರೋಥಯಜೈಡ್ ತೆಗೆದು, ಅದನ್ನು ಸ್ವಲ್ಪ ಇಳಿಸುವ ಲೊಸಾರ್ಟನ್ ಕೊಟ್ಟರು. ಯಾವ ಬಿಪಿ ಮಾತ್ರೆ ಅಂತ ಮೊದಲಿನ ಡಾಕ್ಟರ್‌ಗಳು ಯಾರೂ ಕೇಳಿಯೇ ಇರಲಿಲ್ಲ! ನಡುವೆ ಎರಡು ಸಲ ನೋವು ಬಂತು. ಕೀಲಿನಲ್ಲಿ ಕೂತ ಹಳೇ ಹರಳು ಕರಗುವಾಗ ಹಾಗಾಗುತ್ತೆ. ಈ ಸಲ ಹಲ್ಲು ಕಚ್ಚಿ ಮಾತ್ರೆ ಮುಂದುವರಿಸಿದೆ. ಗೆದ್ದಿದ್ದು ಅಲ್ಲೇ. ಖರ್ಚು ಮಾತ್ರೆಗೆ ತಿಂಗಳಿಗೆ ಇನ್ನೂರು ರೂಪಾಯಿ ಆಸುಪಾಸು, ಟೆಸ್ಟಿಗೂ ಅಷ್ಟೇ.

ಅಂಕಿ ನಿಂತ ಮೇಲೆ ಧೈರ್ಯ ಬಂತು. ಜನವರಿಯಲ್ಲಿ ಸೊಗಡವರೆ ಬಂದಾಗ ಮೂರು ವಾರ ಹಿತಕಿದ ಬೇಳೆ ಸಾರು, ಉಪ್ಪಿಟ್ಟು, ಅಕ್ಕಿ ರೊಟ್ಟಿ, ಎಲ್ಲದರಲ್ಲೂ ಅವರೆ ತಿಂದೆ. ಮುಂಚೆ 5.5, ಆಮೇಲೆ 5.6. ಬೇಸಿಗೆಯಲ್ಲಿ ಎರಡು ವಾರ ದಿನಾ ಬಾಟಲಿ ಜ್ಯೂಸ್ ಕುಡಿದೆ, 6.3ಕ್ಕೆ ಹೋಯಿತು. ಅದರ ಸಕ್ಕರೆ ಅವರೆಗಿಂತ ಜಾಸ್ತಿ ತೊಂದರೆ ಕೊಟ್ಟಿತು, ಅಲ್ವಾ? ಈಗ ಬರೀ ಮಜ್ಜಿಗೆ. ದೊನ್ನೆ ಬಿರಿಯಾನಿ ತಿಂಗಳಿಗೊಮ್ಮೆ ಉಂಟು, ಲಿವರ್ ಫ್ರೈ ಮತ್ತು ಬಿಯರ್ ಪೂರ್ತಿ ಬಂದ್.

ರಾತ್ರಿ ಊಟದಲ್ಲಿ ಇನ್ನೊಂದು ಬದಲಾವಣೆ ಮಾಡಿಕೊಂಡಿದ್ದೇನೆ. ಇನ್ನೂ ಎರಡು ರಿಪೋರ್ಟ್ ಬರಲಿ, ಆಮೇಲೆ ಬರೀತೀನಿ. ಹದಿನಾಲ್ಕು ತಿಂಗಳಿಂದ ಹೆಬ್ಬೆರಳು ನೋವಿಲ್ಲ. ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ ಇಳಿಯುತ್ತಿದ್ದೇನೆ, ಶೂ ಹಾಕಿಕೊಂಡೇ.