ಹಾಸಿಗೆ ಹಿಡಿದವರಿಗೆ ಸರ್ಕಾರದಿಂದ ಏನೇನು ಸಿಗುತ್ತದೆ, ಯಾರನ್ನು ಕೇಳಬೇಕು

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಮನೆಯ ರೇಷನ್ ಕಾರ್ಡ್ ತೆಗೆದು ಅಪ್ಪ, ಆಯಿಯ (ಅಮ್ಮನ) ಹೆಸರು ಅದರಲ್ಲಿ ಇದೆಯಾ ನೋಡಿ. ನಮ್ಮ ಆಯಿಗೆ ಲಕ್ವ ಹೊಡೆದಾಗ ಕುಮಟಾದಿಂದ ಆಸ್ಪತ್ರೆಗೆ ಓಡಿದೆವು. ಕೌಂಟರಿನಲ್ಲಿ ನಿಂತ ಮೇಲೆ ಗೊತ್ತಾಯಿತು, ಅವರ ಹೆಸರು ನಮ್ಮ ಬಿಪಿಎಲ್ ಕಾರ್ಡಿನಲ್ಲಿಲ್ಲ, ಶಿರಸಿಯಲ್ಲಿರುವ ಅಣ್ಣನ ಎಪಿಎಲ್ ಕಾರ್ಡಿನಲ್ಲಿದೆ ಅಂತ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ಮನೆಮಂದಿಗೆಲ್ಲ ಸೇರಿ, ತಲಾ ಅಲ್ಲ. ಎಪಿಎಲ್‌ನವರಿಗೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಉಳಿದದ್ದು ನಮ್ಮ ಕೈಯಿಂದ.

ತುರ್ತು ಕೇಸಿಗೆ ರೆಫರಲ್ ಪತ್ರ ಬೇಡ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಉಳಿದವಕ್ಕೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಪತ್ರ ಕೊಡುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ದೊಡ್ಡ ಕಾಯಿಲೆ ಅಂದ ಕೂಡಲೇ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಅಂತ ಗಾಡಿ ಹತ್ತಿಬಿಡುತ್ತೇವೆ, ಅಲ್ವಾ? ಹೊರಡುವ ಮೊದಲು ಆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರಿಗೆ ಫೋನ್ ಮಾಡಿ, ಈ ಕಾಯಿಲೆಗೆ ನಿಮ್ಮಲ್ಲಿ ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯಾ ಅಂತ ಕೇಳಿಕೊಳ್ಳಿ.

ಈ ಕಾರ್ಡ್ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ, ತಿಂಗಳುಗಟ್ಟಲೆ ನೋಡಿಕೊಳ್ಳುವ ಖರ್ಚನ್ನು ಅದು ಕೊಡುವುದಿಲ್ಲ. ಇಲ್ಲೇ ಜಾಸ್ತಿ ಜನ ಕೈಚೆಲ್ಲಿ ಕೂರುತ್ತಾರೆ. ಆಗ ಹೋಗಬೇಕಾದದ್ದು ನಿಮ್ಮೂರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅಂದರೆ ಹಳೇ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಉಪಶಾಮಕ ಆರೈಕೆ ಅಲ್ಲಿನ 12 ಸೇವೆಗಳ ಪಟ್ಟಿಯಲ್ಲೇ ಇದೆ. ವಾಸಿಯಾಗದ ಕಾಯಿಲೆಯಲ್ಲೂ ನೋವು, ಉಬ್ಬಸ, ಹುಣ್ಣು ಕಡಿಮೆ ಮಾಡುವ ಆರೈಕೆ ಇದು. ಕ್ಯಾನ್ಸರ್‌ನವರಿಗೆ ಮಾತ್ರ ಅಂತ ತಿಳಿಯಬೇಡಿ. ಲಕ್ವ, ಕಿಡ್ನಿ ಸೋತವರು, ಮರೆವಿನ ಕಾಯಿಲೆಯವರು ಎಲ್ಲರೂ ಇದಕ್ಕೆ ಸೇರುತ್ತಾರೆ. ಇಲ್ಲಿ ಬಿಪಿಎಲ್, ಎಪಿಎಲ್ ಲೆಕ್ಕವಿಲ್ಲ. ಆಶಾ ಕಾರ್ಯಕರ್ತೆಗೆ ಡಿಸ್ಚಾರ್ಜ್ ಚೀಟಿ ತೋರಿಸಿ, "ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಹೆಸರು ಬರೆದುಕೊಳ್ಳಿ, ಮನೆಗೆ ಬಂದು ನೋಡಿ" ಅಂತ ಬಾಯಿಬಿಟ್ಟು ಕೇಳಿ. ಕೇಳದೆ ಸುಮ್ನೆ ಕಾದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಆಯಿಯ ಹಾಸಿಗೆ ಬದಲಿಸುವಾಗ ಒಂದು ಬೆಳಿಗ್ಗೆ ಸೊಂಟದ ಕೆಳಗೆ ರೂಪಾಯಿ ನಾಣ್ಯದಷ್ಟು ಕೆಂಪು ಕಂಡಿತು. ಸೆಕೆಗೆ ಆಗಿರಬೇಕು ಅಂದುಕೊಂಡು ಪೌಡರ್ ಹಾಕಿದೆ. ಮರುದಿನ ಆರೋಗ್ಯ ಕೇಂದ್ರದಿಂದ ಬಂದ ಸಿಸ್ಟರ್ ಅದನ್ನು ಬೆರಳಿನಿಂದ ಒತ್ತಿ ನೋಡಿ, ಹುಣ್ಣು ಶುರುವಾಗುತ್ತಿದೆ ಅಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು, ಮೊಣಕಾಲುಗಳ ನಡುವೆ ದಿಂಬು ಇಡುವುದನ್ನು ಕೈಹಿಡಿದು ಕಲಿಸಿದರು. ಹದಿನೈದು ದಿನಕ್ಕೆ ಕೆಂಪು ಹೋಯಿತು.

ನೋವು ಸಾಮಾನ್ಯ ಮಾತ್ರೆಗೆ ಬಗ್ಗದಿದ್ದರೆ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಬಗ್ಗೆ ಡಾಕ್ಟರನ್ನು ಕೇಳಿ. 2014ರಲ್ಲಿ ಮಾದಕ ವಸ್ತುಗಳ ಕಾನೂನು ಸಡಿಲವಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಇದನ್ನು ಕೊಡಬಹುದು. ಎಲ್ಲಿ ಸಿಗುತ್ತದೆ ಅಂತ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಚಟ ಹಿಡಿಯುತ್ತದೆ ಎಂಬ ಹೆದರಿಕೆಯಲ್ಲಿ ಕೊನೆಗಾಲದವರನ್ನು ನರಳಿಸುವುದು ತಪ್ಪು.

ಕೈಕಾಲು ಬಿದ್ದುಹೋಗಿದ್ದರೆ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವಿಕಲತೆ ಇದ್ದರೆ ಪಿಂಚಣಿಗೆ ನಾಡಕಚೇರಿಯಲ್ಲಿ ಕೇಳಬಹುದು.

ಕೊನೆಯದಾಗಿ ಲಿವಿಂಗ್ ವಿಲ್. ಇನ್ನು ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವ ಪತ್ರ ಇದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸುಲಭ ಮಾಡಿತು. ನಮ್ಮ ರಾಜ್ಯ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. 18 ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ತಮ್ಮ ಪರವಾಗಿ ಮಾತಾಡಬೇಕಾದವರ ಹೆಸರನ್ನೂ ಅದರಲ್ಲೇ ಬರೆಯಬೇಕು. ಪತ್ರ ಇದೆ ಅಂತ ಒಬ್ಬ ಡಾಕ್ಟರ್ ನಿರ್ಧರಿಸಿಬಿಡಲು ಬರುವುದಿಲ್ಲ, ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು.

ಆಯಿಗೆ ಮಾತು ನಿಂತ ಮೇಲೆ ನಮಗೆ ಇದು ತಿಳಿಯಿತು. ಅಪ್ಪನನ್ನು ಮಾತ್ರ ಕೂರಿಸಿಕೊಂಡು ಕೇಳಿ ಬರೆಸಿದ್ದೇವೆ. ಒಂದು ಪ್ರತಿ ಅಣ್ಣನ ಹತ್ತಿರ, ಇನ್ನೊಂದು ರೇಷನ್ ಕಾರ್ಡ್, ಆಧಾರ್ ಜತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇದೆ.